ಶಿವಗಂಗಮ್ಮನ ನಲವತ್ತೈದು ದಿನ

ಬೆಳಗಿನ ಐದೂವರೆಗೆ, ಹಾಲಿನವರು ಬೀದಿಗೆ ಬರುವ ಮೊದಲೇ, ಶಿವಗಂಗಮ್ಮ ಹೊಸ್ತಿಲು ತೊಳೆದಿರುತ್ತಾಳೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಅರಿಸಿನ ಹಚ್ಚಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಎರಡು ತುದಿಗೂ ಒಂದೊಂದು ಹೂವಿಟ್ಟು, ಬಾಗಿ ಹಣೆ ತಾಗಿಸಿ ಎದ್ದ ಮೇಲೆಯೇ ಒಲೆ ಹಚ್ಚುವುದು. ಜ್ವರ ಬಂದ ದಿನ ಗೋಡೆ ಹಿಡಿದುಕೊಂಡು ಮಾಡಿದ್ದಾಳೆ. ಗಂಡ ತೀರಿಕೊಂಡ ಮರುದಿನವೂ ಮಾಡಿದಳು. ನೆಂಟರಲ್ಲಿ ಯಾರೋ ಮುಖ ಸಿಂಡರಿಸಿದಾಗ, ‘ಲಿಂಗ ಕಟ್ಟಿಕೊಂಡವರಿಗೆ ಸೂತಕ ಎಲ್ಲಿಂದ ಬಂತು?’ ಎಂದಷ್ಟೇ ಹೇಳಿ ಒಳಗೆ ಹೋಗಿದ್ದಳು.

ಆದರೆ ಆ ಹೊಸ್ತಿಲು ಅವಳದಲ್ಲ. ಮದುವೆಯಾಗಿ ತುರುವೇಕೆರೆ ಕಡೆಯಿಂದ ಬೆಂಗಳೂರಿಗೆ ಬಂದು ಮೂವತ್ತು ವರ್ಷವಾಯಿತು. ಅಷ್ಟರಲ್ಲಿ ಒಂಬತ್ತು ಮನೆ ಬದಲಾಯಿಸಿದ್ದಾಳೆ. ರಾಜಾಜಿನಗರದ ವಠಾರ, ಬಸವೇಶ್ವರನಗರದಲ್ಲಿ ಎರಡು, ಮಿಕ್ಕವೆಲ್ಲ ವಿಜಯನಗರದ ಸುತ್ತಮುತ್ತ. ಒಂದನ್ನು ಮಾಲೀಕರ ಮಗನ ಮದುವೆಗೆಂದು ಖಾಲಿ ಮಾಡಿದಳು, ಒಂದನ್ನು ನೀರಿಗೆ ಹೆದರಿ, ಒಂದನ್ನು ಬಾಡಿಗೆಗೆ ಹೆದರಿ. ಆರನೆಯ ಮನೆಯ ಮಾಲೀಕಿ ಪಟಾಲಮ್ಮ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

“ರೀ, ದಿನಾ ಅರಿಸಿನ ಮೆತ್ತಿ ಮೆತ್ತಿ ಮರ ಎಲ್ಲಾ ಲಡ್ಡಾಗ್ತಾ ಇದೆ. ದೇವ್ರು ನಿಮ್ದು, ಒಳಗೆ ಏನಾದ್ರೂ ಮಾಡ್ಕೊಳ್ಳಿ. ಹೊಸ್ತಿಲು ನಮ್ದು.”

ಅಲ್ಲಿದ್ದ ನಾಲ್ಕು ವರ್ಷವೂ ಬರೀ ನೀರಲ್ಲಿ ಒರೆಸಿ ವಿಭೂತಿ ಇಟ್ಟಳು. ಅರಿಸಿನದ ಬಟ್ಟಲು ಹಿಡಿದು ಬಾಗಿಲ ತನಕ ಬಂದು, ನೆನಪಾಗಿ, ವಾಪಸು ಒಯ್ದಿಟ್ಟ ದಿನಗಳು ಎಷ್ಟೋ.

ಗಂಡ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸಕ್ಕಿದ್ದರು. ಅವರು ಹೋಗಿ ಹದಿನಾಲ್ಕು ವರ್ಷ. ಮಕ್ಕಳಿಲ್ಲ. ಮಾರೇನಹಳ್ಳಿಯ ಮುಖ್ಯರಸ್ತೆಯಲ್ಲಿ ನಾಲ್ಕಡಿ ಅಗಲದ ಅಂಗಡಿ ಹಿಡಿದು ಸೀರೆಗೆ ಕುಚ್ಚು ಕಟ್ಟುವುದು ಅವಳ ಕಸುಬು. ಸೆರಗಿನ ಅಂಚಿನ ಎಳೆ ಬಿಡಿಸಿ, ರೇಷ್ಮೆ ದಾರ ಸೇರಿಸಿ, ನಡುವೆ ಮಣಿ ಕೂರಿಸಿ ಕಟ್ಟುವ ಗಂಟು ಅವಳದು ಒಂದೇ ಅಳತೆ. ವಿಜಯನಗರದ ಸೀರೆ ಅಂಗಡಿಗಳವರು ಮದುವೆ ಸೀರೆಗಳನ್ನು ಹುಡುಕಿಕೊಂಡು ಬಂದು ಕೊಡುತ್ತಾರೆ. ಹೊಟ್ಟೆಬಟ್ಟೆಗೆ ತೊಂದರೆಯಿಲ್ಲ. ವರ್ಷ ವರ್ಷ ತೆರಿಗೆ ಕಾಗದವನ್ನೂ ತುಂಬಿಸುತ್ತಾಳೆ. ಮನಸ್ಸಿನಲ್ಲಿ ಇದ್ದದ್ದು ಒಂದೇ: ತನ್ನದೆನ್ನುವ ಒಂದು ಬಾಗಿಲು.

ಆ ಬಾಗಿಲು ಕಂಡದ್ದು ಕೆಂಗೇರಿ ಉಪನಗರದಲ್ಲಿ. ದಾನಮ್ಮ ಎಂಬ ಧಾರವಾಡ ಕಡೆಯ ಹಿರಿಯಾಕೆಯ ಸೀರೆ ತಲುಪಿಸಲು ಹೋಗಿದ್ದಳು. ಮೂರಂತಸ್ತಿನ ಹಳೆಯ ಕಟ್ಟಡ, ಎರಡನೆಯ ಮಹಡಿ, ಒಂದು ಕೋಣೆಯ ಮನೆ. ಒಳಗೆ ಕಾಲಿಡುವಾಗ ತಲೆ ತಗ್ಗಿಸಿ ನೋಡಿದಳು. ತೇಗದ ಹೊಸ್ತಿಲು, ನಡುವೆ ಸ್ವಲ್ಪ ಸವೆದಿತ್ತು. ದಾನಮ್ಮನ ಗಂಡ ಚನ್ನಮಲ್ಲಪ್ಪ, ನಿವೃತ್ತ ಹೈಸ್ಕೂಲು ಮೇಷ್ಟ್ರು, ಕುಚ್ಚಿನ ದುಡ್ಡು ಎಣಿಸಿ ಕೊಡುತ್ತಾ ಮಾತಿಗೆ ಹೇಳಿದರು.

“ಇದನ್ನ ಮಾರಿ ನಮ್ಮ ಊರಿಗೆ ಹೊಂಟೀವಿ ನೋಡ್ರಿ. ಯಾರರ ಇದ್ರ ಹೇಳ್ರಿ.”

ಶಿವಗಂಗಮ್ಮ ದುಡ್ಡು ಸೆರಗಿಗೆ ಕಟ್ಟಿಕೊಳ್ಳುತ್ತಾ, ತನಗೇ ಗೊತ್ತಾಗದ ಹಾಗೆ ಅಂದುಬಿಟ್ಟಳು: “ನಾನೇ ಇದೀನಿ ಸಾರ್.”

ಮೂವತ್ತು ವರ್ಷ ಕೂಡಿಟ್ಟದ್ದರಲ್ಲಿ ಮನೆಯ ಬೆಲೆಯ ಅರ್ಧ ಆಗುತ್ತಿತ್ತು. ಇನ್ನರ್ಧಕ್ಕೆ ಬ್ಯಾಂಕು. ನವೆಂಬರ್ ಐದಕ್ಕೆ ಮುಂಗಡ ಕೊಟ್ಟು ಕರಾರು ಬರೆಸಿದರು: ಡಿಸೆಂಬರ್ ಇಪ್ಪತ್ತರೊಳಗೆ, ಅಂದರೆ ನಲವತ್ತೈದು ದಿನದಲ್ಲಿ, ಪೂರ್ತಿ ಹಣ. ಆಗದಿದ್ದರೆ ಮುಂಗಡ ವಾಪಸು, ಮನೆ ಬೇರೆಯವರಿಗೆ. ಪೂರ್ತಿ ಹಣ ಕೈಯಲ್ಲಿ ಹಿಡಿದುಕೊಂಡು ಇನ್ನೊಬ್ಬರು ಆಗಲೇ ಕಾದಿದ್ದರು. ಆದರೂ ಮೇಷ್ಟ್ರು, “ಮೊದಲು ಕೇಳಿದಾಕೀ ನೀವು” ಎಂದು ಇವಳಿಗೇ ಬರೆದುಕೊಟ್ಟರು.

ಆ ಭಾನುವಾರ ಶಿವಗಂಗಮ್ಮ ಸುಮ್ಮನೆ ಮೆಟ್ರೋ ಹತ್ತಿ ಕೆಂಗೇರಿಗೆ ಹೋದಳು. ಮನೆಗೆ ಹೋಗಲಿಲ್ಲ. ಎದುರು ರಸ್ತೆಯ ಎಳನೀರು ಗಾಡಿಯ ಹತ್ತಿರ ನಿಂತು ಎರಡನೆಯ ಮಹಡಿಯ ಕಿಟಕಿ ನೋಡಿದಳು. ಪೂರ್ವಕ್ಕಿದೆ, ಬೆಳಗಿನ ಬಿಸಿಲು ಅಡುಗೆ ಕಟ್ಟೆಯ ತನಕ ಬರಬಹುದು. ಗ್ರೈಂಡರ್ ಅಲ್ಲಿ, ಗಂಡನ ಫೋಟೋ ಇಲ್ಲಿ, ದಾರದ ಕಪಾಟು ಕೋಣೆಯ ಬಲಗೋಡೆಗೆ. ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಾಗಿಲ್ಲ. ಎಳನೀರಿನವನು ಎರಡು ಸಲ “ಆಂಟಿ, ಗಂಜೀದಾ, ನೀರಿಂದಾ?” ಎಂದು ಕೇಳಿದ್ದು ಅವಳಿಗೆ ಕೇಳಿಸಲಿಲ್ಲ.

ಬ್ಯಾಂಕಿನಲ್ಲಿ ಸಾಲದ ಕಡತ ನೋಡುತ್ತಿದ್ದವಳು ರಕ್ಷಾ, ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ. ಕಾಗದಗಳನ್ನೆಲ್ಲ ನೋಡಿ ತಲೆದೂಗಿದವಳು ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದಳು.

“ಆಂಟಿ, ನಿಮ್ಮ ಸಿಬಿಲ್ ಸ್ಕೋರ್, ಸಾಲ ಸರಿಯಾಗಿ ಕಟ್ಟಿದೀರಾ ಅಂತ ಕೊಡೋ ಮಾರ್ಕ್ಸು, ತುಂಬಾ ಕಮ್ಮಿ ಇದೆ. ಹಳೇ ಸಂಘದ ಸಾಲ ಒಂದು ಬಾಕಿ ತೋರಿಸ್ತಾ ಇದೆ. ಬರೀ ಐದು ಸಾವಿರದ ಚಿಲ್ಲರೆ. ಆದ್ರೆ ಐದು ವರ್ಷದಿಂದ ಕಟ್ಟೇ ಇಲ್ಲ ಅಂತಿದೆ. ಇದಿರೋವರೆಗೂ ಫೈಲ್ ಮುಂದಕ್ಕೆ ಹೋಗಲ್ಲ.”

“ಈಗ್ಲೇ ಕಟ್ಟಿಬಿಡ್ಲಾ ಮಗಳೇ? ಪರ್ಸ್‌ನಲ್ಲಿದೆ.”

“ಈಗ ಕಟ್ಟಿದ್ರೆ ಐದು ವರ್ಷ ಬಾಕಿ ಇಟ್ಕೊಂಡಿದ್ರಿ ಅಂತ ನೀವೇ ಒಪ್ಕೊಂಡಂಗೆ. ಆ ಕಪ್ಪು ಚುಕ್ಕೆ ಅಲ್ಲೇ ಇರತ್ತೆ. ಅದು ತಪ್ಪು ಲೆಕ್ಕ ಅಂತಾದ್ರೆ ತಿದ್ದಿಸ್ಬೇಕು. ಆನ್‌ಲೈನಲ್ಲಿ ತಕರಾರು ಹಾಕಿ. ಫೈಲ್ ರಿಜೆಕ್ಟ್ ಮಾಡಲ್ಲ ನಾನು, ಹೋಲ್ಡ್‌ನಲ್ಲಿ ಇಡ್ತೀನಿ.”

ಶಿವಗಂಗಮ್ಮನಿಗೆ ಸಾಲ ಯಾವುದೆಂದು ತಕ್ಷಣ ಗೊತ್ತಾಯಿತು. ಏಳು ವರ್ಷದ ಹಿಂದೆ ಅವಳ ಬೀದಿಯ ಹೆಂಗಸರು ಸೇರಿ ಸಂಘ ಮಾಡಿಕೊಂಡಿದ್ದರು. ಒಬ್ಬರಿಗೊಬ್ಬರು ಜಾಮೀನು, ವಾರವಾರ ಕಂತು, ಕಂತು ವಸೂಲಿಗೆ ಸಾಲ ಕೊಟ್ಟ ಕಂಪನಿಯಿಂದ ಸೀನ ಎಂಬಾತ ಬರುತ್ತಿದ್ದ. ಒಂದು ಮನೆಗೆ ಇಷ್ಟೇ ಸಾಲ ಎಂಬ ನಿಯಮವಿತ್ತು. ಸಂಘದಲ್ಲೇ ಇದ್ದ ಗೆಳತಿ ಮಾಲಾಳ ಮನೆಯಲ್ಲಿ ಆ ಲೆಕ್ಕ ಆಗಲೇ ತುಂಬಿತ್ತು. ಅವಳಿಗೆ ಮೋಟಾರಿನ ಹೊಲಿಗೆ ಯಂತ್ರ ಬೇಕಿತ್ತು. “ಹೆಸರು ಕೊಡು ಗಂಗಾ” ಎಂದಳು. ಶಿವಗಂಗಮ್ಮ ತನ್ನ ಹೆಸರಲ್ಲಿ ಸಾಲ ಪಡೆದು, ನೋಟುಗಳನ್ನು ಎಣಿಸದೆಯೇ ಮಾಲಾಳ ಕೈಗೆ ಇಟ್ಟಳು. ಸಂಘದಲ್ಲಿ ಎಲ್ಲರೂ ಹೀಗೆ ಹೆಸರು ಕೊಡುತ್ತಿದ್ದರು. ಮದುವೆಗೆ ಹೋಗುವಾಗ ಪಕ್ಕದ ಮನೆಯ ಸರ ಕೇಳಿ ಹಾಕಿಕೊಂಡಷ್ಟೇ ಸಲೀಸಾಗಿ. ಅದರಲ್ಲಿ ತಪ್ಪಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಮಾಲಾ ಆಗ ಅವಳ ಜೊತೆಯಲ್ಲೇ ಕುಚ್ಚು ಕಟ್ಟುತ್ತಿದ್ದಳು. ಒಂದೇ ಸೆರಗಿನ ಆ ತುದಿಗೆ ಒಬ್ಬಳು, ಈ ತುದಿಗೆ ಒಬ್ಬಳು ಕೂತು ಕಟ್ಟುತ್ತಾ ಬಂದು ನಡುವೆ ಸೇರುತ್ತಿದ್ದರು. ಅಷ್ಟರಲ್ಲಿ ಲೋಕದ ಮಾತೆಲ್ಲ ಆಗಿರುತ್ತಿತ್ತು. ಆಮೇಲೆ ಲಾಕ್‌ಡೌನ್ ಬಂತು. ಸಂಘ ಚದುರಿತು. ಮಾಲಾಳ ಗಂಡನ ಕೆಲಸ ಹೋಯಿತು, ಅವರು ಬಾಪೂಜಿನಗರಕ್ಕೆ ಮನೆ ಬದಲಾಯಿಸಿದರು. ಕೊನೆಯ ಹತ್ತು ಕಂತು ಉಳಿದಿತ್ತು ಎಂದು ಶಿವಗಂಗಮ್ಮನಿಗೆ ಗೊತ್ತಿತ್ತು. ಕಟ್ಟಲಾಗದೆ ಮುಖ ತಪ್ಪಿಸಿಕೊಂಡಳೇನೋ ಅಂದುಕೊಂಡಳು. ಕೇಳಿದರೆ ಅವಳಿಗೆ ಅವಮಾನವಾದೀತು ಎಂದು ಕೇಳಲಿಲ್ಲ. ಕೇಳದೆ ಕೇಳದೆ ಫೋನ್ ಮಾಡುವುದೇ ನಿಂತಿತು. ಐದು ವರ್ಷವಾಯಿತು. ಈಗಲೂ ಜೋಡಿ ಬಣ್ಣದ ದಾರ ಆರಿಸುವಾಗ ಪಕ್ಕಕ್ಕೆ ತಿರುಗಿ ‘ಇದು ಒಪ್ಪತ್ತೇನೇ?’ ಎಂದು ಕೇಳಲು ಬಾಯಿ ತೆರೆದು, ಸುಮ್ಮನಾಗುತ್ತಾಳೆ.

ಬ್ಯಾಂಕಿನಿಂದ ನೇರ ಬಂದು ಅಂಗಡಿಯ ಪಕ್ಕದ ಜೆರಾಕ್ಸ್ ನಾರಾಯಣಪ್ಪನವರ ಮುಂದೆ ಕೂತಳು. ಅವರು ಕನ್ನಡಕ ಮೂಗಿನ ತುದಿಗೆ ಜಾರಿಸಿ ಕಂಪ್ಯೂಟರಿನಲ್ಲಿದ್ದದ್ದನ್ನು ಓದಿ ಹೇಳಿದರು.

“ಎರಡು ಕೇಳ್ತಾ ಇದೆ ನೋಡಮ್ಮ. ಒಂದು, ಈ ಸಾಲ ನನ್ನದಲ್ಲ. ಇನ್ನೊಂದು, ಸಾಲ ನನ್ನದೇ, ಆದ್ರೆ ಬಾಕಿ ತಪ್ಪಾಗಿ ತೋರಿಸ್ತಿದೆ. ಯಾವುದು ಒತ್ಲಿ?”

“ನನ್ದಲ್ಲ ನಾರಾಯಣಪ್ಪನೋರೆ. ಒಂದು ರೂಪಾಯಿ ಮುಟ್ಟಿಲ್ಲ ನಾನು. ಮಾಲಾದು.”

“ಹಂಗಾದ್ರೆ ಮೊದಲನೇದೇ” ಎಂದು ಅವರು ಒತ್ತಿದರು.

ನಿಜ ಹೇಳಿದ ಸಮಾಧಾನದಲ್ಲಿ ಶಿವಗಂಗಮ್ಮ ಹದಿನೈದು ದಿನ ಕಾದಳು. ಎರಡು ಭಾನುವಾರ ಕೆಂಗೇರಿಗೆ ಹೋಗಿ ಬಂದಳು. ನವೆಂಬರ್ ಇಪ್ಪತ್ತೊಂಬತ್ತಕ್ಕೆ ಮೊಬೈಲಿಗೆ ಉತ್ತರ ಬಂತು. ಅದನ್ನು ತೋರಿಸಿದಾಗ ರಕ್ಷಾ ಮೊದಲು ನಕ್ಕಳು, ಆಮೇಲೆ ತಲೆ ಮೇಲೆ ಕೈ ಇಟ್ಟುಕೊಂಡಳು.

“ಆಂಟಿ, ಸಾಲ ನಿಮ್ಮದೇ ಅಂತ ಅವ್ರು ಪ್ರೂವ್ ಮಾಡಿದಾರೆ. ನಿಮ್ಮ ಸೈನು, ನಿಮ್ಮ ಫೋಟೋ, ನಿಮ್ಮ ಆಧಾರ್. ನಿಮ್ದಲ್ಲ ಅಂತ ಯಾಕೆ ಹಾಕಿದ್ರಿ?”

“ನನ್ದಲ್ವಲ್ಲಮ್ಮ. ದುಡ್ಡು ಅವಳು ತಗೊಂಡಿದ್ದು.”

“ದುಡ್ಡು ಯಾರು ಖರ್ಚು ಮಾಡಿದ್ರು ಅಂತ ಯಾರೂ ಕೇಳಲ್ಲ ಆಂಟಿ. ಹೆಸರು ಯಾರದೋ ಸಾಲ ಅವರದೇ.” ರಕ್ಷಾ ಗೋಡೆಯ ಕ್ಯಾಲೆಂಡರ್ ನೋಡಿದಳು. “ಇನ್ನು ಇಪ್ಪತ್ತೊಂದು ದಿನ ಇದೆ. ಅವರು ಕಟ್ಟಿ ಮುಗಿಸಿದ್ರಾ? ಪುರಾವೆ ಇದ್ಯಾ? ಇದ್ರೆ ಒಂದು ದಾರಿ ಇದೆ. ಆ ಕಂಪನಿ ತಿಂಗಳಿಗೆ ಎರಡು ಸಲ ಎಲ್ಲಾ ಗಿರಾಕಿಗಳ ಲೆಕ್ಕ ಒಟ್ಟಿಗೆ ಸಿಬಿಲ್‌ಗೆ ಕಳಿಸತ್ತೆ. ಅದಕ್ಕೆ ಕಾಯದೆ, ನಿಮ್ಮದೊಂದನ್ನ ಮುಂಚೆ ತಿದ್ದಿ ಕಳಿಸಿ ಅಂತ ಕೇಳ್ಬೇಕು. ನಾನು ಬ್ಯಾಂಕಿಂದ ಲೆಟರ್ ಕೊಡ್ತೀನಿ.”

ಕಟ್ಟಿ ಮುಗಿಸಿದಳೇ ಎಂದು ಕೇಳಬೇಕು. ಐದು ವರ್ಷದಿಂದ ಕೇಳದೆ ಉಳಿಸಿದ ಮಾತು.

ಮರುದಿನ ಬಾಪೂಜಿನಗರದಲ್ಲಿ ವಿಳಾಸ ಹುಡುಕಿ ಬಾಗಿಲು ತಟ್ಟಿದಳು. ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಮಾಲಾ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದು ಬಾಗಿಲು ತೆಗೆದಳು. ಕೂದಲು ಅರ್ಧ ನೆರೆತಿತ್ತು.

“ಯಾರು... ಗಂಗಾನಾ? ಏನೇ ಇದು, ದಾರಿ ತಪ್ಪಿ ಬಂದ್ಯಾ?”

“ಇಲ್ಲ ಕಣೇ. ನಿನ್ನನ್ನೇ ಹುಡುಕ್ಕೊಂಡು ಬಂದೆ.”

“ಮಾರೇನಹಳ್ಳಿಂದ ಇಲ್ಲಿಗೆ ಐದು ವರ್ಷ ಬೇಕಾಯ್ತಲ್ಲ! ನಡ್ಕೊಂಡು ಬಂದ್ಯಾ ಹೆಂಗೆ?”

ಕೂತು ನೀರು ಕುಡಿದು ಶಿವಗಂಗಮ್ಮ ಬ್ಯಾಂಕಿನ ಕತೆಯೆಲ್ಲ ಹೇಳಿದಳು. ಕೊನೆಯ ಪ್ರಶ್ನೆ ಮಾತ್ರ ಕೇಳಲಿಲ್ಲ. ಮಾಲಾ ಅವಳ ಮುಖವನ್ನೇ ನೋಡುತ್ತಿದ್ದಳು. ನಿಧಾನಕ್ಕೆ ಮಾಲಾಳ ನಗು ಹೋಯಿತು.

“ನಾನು ಕಟ್ಟಿಲ್ಲ ಅಂದ್ಕೊಂಡಿದ್ಯಾ ನೀನು?”

ಶಿವಗಂಗಮ್ಮ ಖಾಲಿ ಲೋಟವನ್ನು ನೆಲಕ್ಕಿಟ್ಟಳು.

ಮಾಲಾ ಎದ್ದು ಹೋಗಿ ದೇವರ ಪಟದ ಹಿಂದಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ಅವಳ ತೊಡೆಯ ಮೇಲೆ ಹಾಕಿದಳು. ಒಳಗೆ ಹಳದಿ ಬಣ್ಣದ ಸಾಲದ ಕಾರ್ಡು. ಪ್ರತಿ ಚೌಕದಲ್ಲೂ ದಿನಾಂಕ, ಮೊತ್ತ, ಸೀನನ ರುಜು. ಕೊನೆಯ ಸಾಲಿನಲ್ಲಿ ಹತ್ತು ಕಂತನ್ನೂ ಒಟ್ಟಿಗೆ ಬರೆದು ಅಡ್ಡಗೆರೆ ಎಳೆದಿತ್ತು. ಸಾಲ ಮುಗಿದಿದೆ.

“ಓಲೆ ಮಾರಿ ಕಟ್ಟಿದೆ ಕಣೇ. ಅವ್ರಿಗೆ ಸಂಬಳ ಇರ್ಲಿಲ್ಲ, ಮನೇಲಿ ಅಕ್ಕಿ ಇರ್ಲಿಲ್ಲ. ಗಂಗನ ಹೆಸ್ರು ಕೆಡಬಾರದು ಅಂತ ಕಟ್ಟಿದೆ. ಆಮೇಲೆ ಕಾದೆ. ಇವತ್ತು ಫೋನ್ ಮಾಡ್ತಾಳೆ, ನಾಳೆ ಮಾಡ್ತಾಳೆ, ಕಟ್ಟಿದ್ಯೇನೇ ಅಂತಾದ್ರೂ ಕೇಳ್ತಾಳೆ ಅಂತ.”

“ಕೇಳಿದ್ರೆ ನಿಂಗೆ ಬೇಜಾರಾಗತ್ತೆ ಅಂತ...”

“ಬೈದಿದ್ರೂ ಆಗ್ತಿತ್ತು. ಬೈಯೋಕೂ ಬರ್ಲಿಲ್ವಲ್ಲೇ ನೀನು.”

ಶಿವಗಂಗಮ್ಮ ಕಾರ್ಡಿನ ಒಂದೊಂದು ರುಜುವನ್ನೂ ಬೆರಳಿಟ್ಟು ನೋಡಿದಳು. ಆಚೆ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಆಮೇಲೆ ಮಾಲಾ ಮೂಗು ಒರೆಸಿಕೊಂಡು, “ನಡಿ, ಅದ್ಯಾವ ಆಫೀಸು ತೋರ್ಸು. ನಾನೂ ಬರ್ತೀನಿ. ನೀನೊಬ್ಬಳೇ ಹೋದ್ರೆ ಸಾಲ ನನ್ದಲ್ಲ ಅಂತ ಇನ್ನೊಂದು ಸಲ ಹೇಳಿ ಬರ್ತೀಯ” ಎಂದಳು.

ಸಾಲ ಕೊಟ್ಟಿದ್ದ ಕಂಪನಿಯನ್ನು ಈ ನಡುವೆ ಇನ್ನೊಂದು ಕಂಪನಿ ಕೊಂಡುಕೊಂಡಿತ್ತು. ಅದರ ಕಚೇರಿ ರಾಜಾಜಿನಗರದಲ್ಲಿ, ಔಷಧಿ ಅಂಗಡಿಯೊಂದರ ಮೇಲೆ. ಡಿಸೆಂಬರ್ ಒಂದರ ಬೆಳಿಗ್ಗೆ ಇಬ್ಬರೂ ಅಲ್ಲಿದ್ದರು. ಬಸವಕಿರಣ್ ಎಂಬ ಅಧಿಕಾರಿ ಕಾರ್ಡು ತಿರುಗಿಸಿ ಮುರುಗಿಸಿ ನೋಡಿದ.

“ಸೀನ ಕೆಲಸ ಬಿಟ್ಟು ಮೂರು ವರ್ಷ ಆಯ್ತು ಮೇಡಂ. ಅವನು ಬರ್ಕೊಟ್ಟಿದ್ದು ಹಳೇ ಕಂಪನಿ ಪುಸ್ತಕದಲ್ಲೂ ಇರ್ಬೇಕು. ಆ ಪುಸ್ತಕಗಳು ಹೆಡ್ ಆಫೀಸ್ ಗೋಡೌನಲ್ಲಿವೆ. ಹುಡುಕಿಸ್ಬೇಕು. ತಿಂಗಳ ಕೊನೆಗೆ ಆಗ್ಬಹುದು.”

“ನಂಗೆ ಇಪ್ಪತ್ತರೊಳಗೆ ಬೇಕಪ್ಪ.” ಶಿವಗಂಗಮ್ಮ ರಕ್ಷಾ ಕೊಟ್ಟ ಕಾಗದವನ್ನು ಮೇಜಿನ ಮೇಲಿಟ್ಟಳು. “ನಂದೊಂದೇ ಮುಂಚೆ ಕಳಿಸೋಕೆ ಬರತ್ತಂತೆ. ನಾನು ಕೂತಿರ್ತೀನಿ.”

ಅವನು ಅದು ಮಾತಿಗೆ ಹೇಳಿದ್ದೆಂದುಕೊಂಡ. ಆದರೆ ಮರುದಿನ ಹತ್ತು ಗಂಟೆಗೆ ಶಿವಗಂಗಮ್ಮ ಬೆಂಚಿನ ಮೇಲಿದ್ದಳು. ಮಡಿಲಲ್ಲಿ ನೇರಳೆ ಬಣ್ಣದ ಮದುವೆ ಸೀರೆ, ಬಾಯಲ್ಲಿ ದಾರದ ತುದಿ. ಹನ್ನೊಂದಕ್ಕೆ ಮಾಲಾ ಬಂದು ಸೆರಗಿನ ಇನ್ನೊಂದು ತುದಿ ಹಿಡಿದು ಕೂತಳು. ಮೂರನೆಯ ದಿನ ಕಚೇರಿಯ ಹುಡುಗಿಯರು ಬಂದು ರೇಟು ಕೇಳಿದರು. ನಾಲ್ಕನೆಯ ದಿನ ಒಬ್ಬಳು ತನ್ನ ಸೀರೆಯನ್ನೇ ತಂದುಕೊಟ್ಟಳು.

“ಮೇಡಂ, ನೀವು ಇಲ್ಲೊಂದು ಬ್ರಾಂಚ್ ಓಪನ್ ಮಾಡ್ದಂಗಿದೆ” ಎಂದ ಬಸವಕಿರಣ್.

“ಬಾಡಿಗೆ ಕೇಳ್ಬೇಡಿ ಸಾರ್, ಇವಳಿಗೆ ಬಾಡಿಗೆ ಕಟ್ಟಿ ಸಾಕಾಗಿದೆ” ಎಂದಳು ಮಾಲಾ.

ಅವನು ನಕ್ಕು, ಒಳಗೆ ಹೋಗಿ ಹೆಡ್ ಆಫೀಸಿಗೆ ಫೋನ್ ಹಚ್ಚಿದ. ಆಮೇಲೆ ದಿನಕ್ಕೆ ಎರಡು ಸಲ ತಾನಾಗಿಯೇ ಹಚ್ಚತೊಡಗಿದ. ಹನ್ನೊಂದನೆಯ ತಾರೀಖಿಗೆ ಗೋಡೌನಿನಲ್ಲಿ ಪುಸ್ತಕ ಸಿಕ್ಕಿತು. ಹತ್ತು ಕಂತೂ ಅಲ್ಲಿದ್ದವು. ಕಂಪನಿ ಕೈ ಬದಲಾಯಿಸುವಾಗ ಕಂಪ್ಯೂಟರಿಗೆ ಏರಿಸಿರಲಿಲ್ಲ, ಅಷ್ಟೇ. ಹನ್ನೆರಡಕ್ಕೆ ಬಾಕಿಯಿಲ್ಲವೆಂಬ ಪತ್ರ ಅವಳ ಕೈಗೆ ಬಂತು. ಅವತ್ತೇ ಅವಳೊಬ್ಬಳ ಲೆಕ್ಕವನ್ನು ತಿದ್ದಿ, ಬೇರೆಯಾಗಿ, ಸ್ಕೋರು ಇಡುವವರಿಗೆ ಕಳಿಸಿಯೂ ಆಯಿತು. ಬಸವಕಿರಣ್ ಕಂಪ್ಯೂಟರಿನ ಮುಖ ತಿರುಗಿಸಿ ತೋರಿಸಿದ. ಇಂಗ್ಲಿಷಿನಲ್ಲಿತ್ತು. ಶಿವಗಂಗಮ್ಮ ತನ್ನ ಹೆಸರಿನ ಅಕ್ಷರಗಳನ್ನು ಮಾತ್ರ ಗುರುತಿಸಿ ಕೈ ಮುಗಿದಳು.

ಆ ರಾತ್ರಿ ಊಟ ಮಾಡುವಾಗ ತಟ್ಟೆಯ ಪಕ್ಕದಲ್ಲಿ ನೆಲದ ಮೇಲೆ ಬೆರಳಿನಿಂದ ಕೆಂಗೇರಿ ಮನೆಯ ಕೋಣೆ ಬರೆದಳು. ಬಾಗಿಲು, ಕಿಟಕಿ, ಅಡುಗೆ ಕಟ್ಟೆ. ಲಿಂಗಪೂಜೆಗೆ ಕೂರುವ ಜಾಗ ಯಾವ ಮೂಲೆಗೆ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ. ಒಂಬತ್ತು ಮನೆಯಲ್ಲೂ ಮಾಲೀಕರು ಬಿಟ್ಟುಕೊಟ್ಟ ಮೂಲೆಯಲ್ಲೇ ಕೂತವಳಿಗೆ, ಮೂಲೆ ತಾನೇ ಆರಿಸುವುದು ಹೇಗೆಂದು ಗೊತ್ತಾಗಲಿಲ್ಲ. ಎರಡು ಮೂಲೆಗೂ ಒಂದೊಂದು ಚುಕ್ಕೆ ಇಟ್ಟು ನೋಡಿದಳು. ಎರಡೂ ಚೆನ್ನಾಗಿಯೇ ಇದ್ದವು.

ಹದಿಮೂರು, ಹದಿನಾಲ್ಕು, ಹದಿನೈದು. ರಕ್ಷಾ ದಿನಾ ಸ್ಕೋರು ನೋಡುತ್ತಿದ್ದಳು. ಹಳೆಯದೇ ಇತ್ತು. ಹದಿನೆಂಟರ ಮಧ್ಯಾಹ್ನ ಶಿವಗಂಗಮ್ಮನನ್ನು ಎದುರಿಗೆ ಕೂರಿಸಿಕೊಂಡು ಮತ್ತೊಮ್ಮೆ ತೆಗೆದಳು. ಹಳೆಯದೇ.

“ಅಲ್ಲಿಂದ ಹೊರಟಿದೆ ಆಂಟಿ, ಇಲ್ಲಿಗೆ ಇನ್ನೂ ಏರಿಲ್ಲ. ಏರೇ ಏರತ್ತೆ. ಒಂದು ವಾರ, ಹೆಚ್ಚಂದ್ರೆ ಹತ್ತು ದಿನ. ಅದಾದ್ಮೇಲೆ ಸಾಲ ಮಂಜೂರಾಗೋಕೆ ಇನ್ನೊಂದು ವಾರ.” ಸ್ವಲ್ಪ ತಡೆದು ಹೇಳಿದಳು, “ಮನೆ ಮಾರ್ತಿರೋರನ್ನ ಒಂದು ಮಾತು ಕೇಳಿ ನೋಡಿ. ಹದಿನೈದು ದಿನ ಕಾಯ್ತಾರಾ ಅಂತ.”

ಶಿವಗಂಗಮ್ಮ ವಿಜಯನಗರದಲ್ಲಿ ಮೆಟ್ರೋ ಹತ್ತಿದಳು. ದಾರಿಯುದ್ದಕ್ಕೂ ಹೇಗೆ ಕೇಳುವುದೆಂದು ಮನಸ್ಸಿನಲ್ಲೇ ಹೇಳಿಕೊಂಡಳು. ಕೆಂಗೇರಿಯಲ್ಲಿ ಇಳಿದು, ಎಳನೀರಿನ ಗಾಡಿ ದಾಟಿ, ಎರಡು ಮಹಡಿ ಹತ್ತಿ, ಹೊಸ್ತಿಲ ಆಚೆ ಚಪ್ಪಲಿ ಬಿಟ್ಟಳು. ಒಳಗೆ ಅರ್ಧ ಮನೆ ಆಗಲೇ ಗಂಟು ಮೂಟೆಯಾಗಿತ್ತು. ಪುಸ್ತಕದ ರಟ್ಟಿನ ಪೆಟ್ಟಿಗೆಗಳಿಗೆ ಹಗ್ಗ ಕಟ್ಟಿತ್ತು. ಮೇಷ್ಟ್ರ ಫೋನು ಬಡಿದುಕೊಂಡಿತು. ಅವರು ನೋಡಿ, ಎತ್ತದೆ, ಮೇಜಿನ ಮೇಲೆ ಮಗುಚಿಟ್ಟರು.

ಅವಳು ಹೇಳಿದ್ದನ್ನೆಲ್ಲ ಅವರು ಕಣ್ಣು ಮುಚ್ಚಿ ಕೇಳಿದರು. ಒಂದು ನಿಮಿಷವೂ ಯೋಚಿಸಲಿಲ್ಲ.

“ಹದಿನೈದು ದಿನ ಅಲ್ಲೇನು? ಕಾಯ್ತೀವಿ ತಗೋರಿ. ನೀವು ಇಷ್ಟು ಓಡಾಡೀರಿ, ನಾವು ಕೂತಲ್ಲೇ ಕಾಯೂದೇನು ದೊಡ್ಡದು. ಕಾಗದ ಬ್ಯಾಡ, ಬಾಯಿ ಮಾತೇ ಸಾಕು.”

ಶಿವಗಂಗಮ್ಮನಿಗೆ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು, ಚಹಾ ಮಾಡಲು ಎದ್ದ ದಾನಮ್ಮನ ಹಿಂದೆ ಅಡುಗೆ ಮನೆಗೆ ಹೋದಳು. ದಾನಮ್ಮ ಕುರ್ಚಿಯಿಂದ ಗೋಡೆಗೆ, ಗೋಡೆಯಿಂದ ಬಾಗಿಲ ಚೌಕಟ್ಟಿಗೆ, ಅಲ್ಲಿಂದ ಕಟ್ಟೆಗೆ ಕೈ ಊರಿಕೊಂಡು ಹೋದಳು. ಕಟ್ಟೆಗೆ ಆತು ನಿಂತು ಉಸಿರು ಬಿಟ್ಟಳು.

“ಮೊಣಕಾಲು ತುಂಬಾ ನೋವಾ ಅಮ್ಮಾ?”

“ಹೂಂನವ್ವಾ. ದಸರಾದಾಗ ಇಳಿದಾಕಿ ಮತ್ತ ಕೆಳಗ ಇಳಿದಿಲ್ಲ ನೋಡು. ಗುಡಿಗೂ ಹೋಗಿಲ್ಲ. ಡಾಕ್ಟರ್ ಮೆಟ್ಟಲಾ ಹತ್ತಬ್ಯಾಡ್ರಿ ಅಂದಾರ. ಅದಕ್ಕ ಧಾರವಾಡದಾಗ ನೆಲದ ಮ್ಯಾಲಿನ ಮನಿ ನೋಡಿದ್ವಿ. ಬಾಗಲಾ ತಗದ್ರ ಅಂಗಳಾ, ತುಳಸಿ ಕಟ್ಟಿ, ಎದುರಿಗೆ ಮಠ.” ದಾನಮ್ಮ ಹಾಲು ಸುರಿಯುತ್ತಾ ಹೇಳುತ್ತಿದ್ದಳು, ಬೇಸರದ ದನಿಯಲ್ಲಲ್ಲ, ಯಾರದೋ ಮದುವೆಯ ಸುದ್ದಿ ಹೇಳುವ ಹಾಗೆ. “ಅದೂ ಈಗ ಸಿಗ್ತದೋ ಇಲ್ಲೋ. ಇಪ್ಪತ್ನಾಕರೊಳಗ ರೊಕ್ಕಾ ಕೊಡಬೇಕಂತ ಅವರ ಕರಾರು. ತಡಾ ಆದ್ರ ಬ್ಯಾರೆಯವರಿಗೆ ಕೊಡ್ತಾರ.”

“ಈಗ ನನಗೋಸ್ಕರ ಕಾದ್ರೆ?”

ದಾನಮ್ಮ ತಕ್ಷಣ ತಿರುಗಿದಳು. ಬಾಯಿ ತಪ್ಪಿ ಆಡಿದೆನೆಂದು ಮುಖದಲ್ಲೇ ಗೊತ್ತಾಯಿತು.

“ಅದನ್ನ ತಲಿಗೆ ಹಚ್ಚಿಕೋಬ್ಯಾಡ. ಇನ್ನೊಂದು ಮನಿ ಸಿಗ್ತದ. ನಮ್ಮವರು ನಿನಗ ಹೇಳಬ್ಯಾಡ ಅಂದಿದ್ರು.”

ಚಹಾ ಉಕ್ಕಿ ಬಂತು. ದಾನಮ್ಮ ಒಲೆ ಆರಿಸಿದಳು. ಸಂಜೆಯಾಗಿತ್ತು, ಬಿಸಿಲು ಆಚೆ ಕಡೆಯ ಕಟ್ಟಡದ ಮೇಲಿತ್ತು. ಶಿವಗಂಗಮ್ಮ ಅಡುಗೆ ಕಟ್ಟೆಯ ಕಲ್ಲಿನ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಅವಳು ಗ್ರೈಂಡರ್ ಇಡಬೇಕೆಂದುಕೊಂಡಿದ್ದ ಜಾಗ ಅದು. ಅಲ್ಲಿ ದಾನಮ್ಮನ ಕೈ ಊರಿ ಊರಿ ಕಲ್ಲಿನ ಅಂಚು ನುಣುಪಾಗಿತ್ತು. ಇನ್ನೂ ಹದಿನೈದು ದಿನ, ಸುಮ್ಮನಿದ್ದರೆ ಸಾಕು. ಕೇಳಿಸಲೇ ಇಲ್ಲವೆಂದು ಚಹಾ ಕುಡಿದು ಮನೆಗೆ ಹೋದರೆ ಸಾಕು. ಮೇಷ್ಟ್ರು ಮಾತಿನವರು, ಕಾಯುತ್ತಾರೆ. ಲೋಟ ಹಿಡಿದು ಎಷ್ಟು ಹೊತ್ತು ನಿಂತಿದ್ದಳೆಂದರೆ ಚಹಾದ ಮೇಲೆ ಕೆನೆ ಕಟ್ಟಿತು.

ಆಮೇಲೆ ಹೊರಗೆ ಬಂದಳು.

“ಸಾರ್, ಕಾಯೋದು ಬೇಡ.”

ಚನ್ನಮಲ್ಲಪ್ಪನವರು ಹೆಂಡತಿಯ ಕಡೆ ನೋಡಿದರು. ದಾನಮ್ಮ ಬಾಗಿಲ ಚೌಕಟ್ಟು ಹಿಡಿದು ತಲೆ ತಗ್ಗಿಸಿದ್ದಳು.

“ಅಕಿ ಏನರ ಹೇಳಿದಳೇನು? ಅಕಿ ಮಾತು ಬಿಡ್ರಿ. ನಾ ಈಗ ಮಾತು ಕೊಟ್ಟೀನಿ, ನಿಮಗಽ ಈ ಮನಿ.”

“ನೀವು ಮಾತು ಕೊಟ್ಟಿದ್ದು ಇಪ್ಪತ್ತರವರೆಗೆ ಸಾರ್. ಅದನ್ನ ಉಳಿಸ್ಕೊಂಡಿದೀರಿ. ಅದಕ್ಕಿಂತ ಮೇಲಿಂದು ನಾನು ಇಸ್ಕೊಳಲ್ಲ.”

“ಇನ್ನೂ ಎರಡು ದಿನ ಐತಿ ಕರಾರು.”

“ಎರಡು ದಿನದಲ್ಲಿ ಬ್ಯಾಂಕಿಂದು ಆಗಲ್ಲ. ಆ ಇನ್ನೊಬ್ಬರು ದುಡ್ಡು ಹಿಡ್ಕೊಂಡು ಕಾಯ್ತಿದಾರಲ್ಲ, ಆಗ ಫೋನ್ ಬಂದಿದ್ದು ಅವರದೇ ಅಲ್ವಾ?” ಶಿವಗಂಗಮ್ಮ ಮೇಜಿನ ಮೇಲೆ ಮಗುಚಿಟ್ಟಿದ್ದ ಫೋನನ್ನು ಎತ್ತಿ ಅವರ ಕೈಗೆ ಕೊಟ್ಟಳು. “ಮಾಡಿ ಸಾರ್. ನಾನಿಲ್ಲಿ ಇರೋವಾಗ್ಲೇ ಮಾಡಿ.”

“ಅವಸರೇನೈತಿ? ನಾಳೆ ಮಾಡಿದ್ರಾತು. ಇವತ್ತೊಂದು ರಾತ್ರಿ ವಿಚಾರ ಮಾಡ್ರಿ.”

“ಬೇಡ. ರಾತ್ರಿ ಎಲ್ಲಾ ವಿಚಾರ ಮಾಡಿದ್ರೆ ಬೆಳಿಗ್ಗೆ ಇಲ್ಲೇ ಬಂದು ನಿಂತಿರ್ತೀನಿ, ಕಾಯ್ರಿ ಸಾರ್ ಅಂತ” ಎಂದಳು ಶಿವಗಂಗಮ್ಮ. “ಈಗ್ಲೇ ಮಾಡಿಬಿಡಿ.”